ತರಗತಿಯಲ್ಲಿ ನಮ್ಮ ಹೊಳೆಯ ಮೀನು: ಬಾಗಲಕೋಟೆಯ ಒಂದು ಅಂಗಡಿಯ ಶಾಲಾ ಅಕ್ವೇರಿಯಂ ಸೇವೆಯ ವಿಮರ್ಶೆ

ಶಾಲೆಗೊಂದು ಅಕ್ವೇರಿಯಂ ಬೇಕೆಂದು ಪೇಟೆಯಲ್ಲಿ ವಿಚಾರಿಸಿದರೆ ಹೆಚ್ಚಿನ ಕಡೆ ಒಂದೇ ಬಗೆಯ ಸಾಮಾನು ತೋರಿಸುತ್ತಾರೆ: ಒಂದೂವರೆ ಅಡಿಯ ಗಾಜಿನ ತೊಟ್ಟಿ, ಬಣ್ಣಬಣ್ಣದ ಹರಳು, ಪ್ಲಾಸ್ಟಿಕ್ ಗಿಡ, ನಾಲ್ಕು ಗೋಲ್ಡ್ ಫಿಶ್ ಮತ್ತು ಪಾಚಿ ತಿನ್ನಲೆಂದು ಒಂದು ಸಕ್ಕರ್ ಮೀನು. ಬಾಗಲಕೋಟೆಯ ವಿದ್ಯಾಗಿರಿಯ ಕಡೆಗಿರುವ ಒಂದು ಸಣ್ಣ ಅಂಗಡಿ ಬೇರೆ ದಾರಿ ಹಿಡಿದಿದೆ. ಶಾಲೆಗಳಿಗೆಂದೇ ಮೂರು ಅಡಿಯ ತೊಟ್ಟಿ ಕಟ್ಟಿಕೊಟ್ಟು, ಕೃಷ್ಣಾ, ಘಟಪ್ರಭಾ, ಮಲಪ್ರಭಾ ಸೀಮೆಯ ನೀರಿನಲ್ಲಿ ತಾವಾಗಿಯೇ ಬದುಕುವ ಸಣ್ಣ ಮೀನುಗಳನ್ನು ಅದರಲ್ಲಿ ಬಿಟ್ಟು, ವರ್ಷವಿಡೀ ಬಂದು ನೋಡಿಕೊಳ್ಳುವ ಸೇವೆಯನ್ನು ಅದು ಕೊಡುತ್ತದೆ. ನಾನು ವಿಜ್ಞಾನ ಕಲಿಸುವ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಕಳೆದ ಶೈಕ್ಷಣಿಕ ವರ್ಷದಿಂದ ಈ ತೊಟ್ಟಿ ಇದೆ. ಬೇರೆ ಶಾಲೆಯವರು ಹಣ ಹಾಕುವ ಮೊದಲು ಏನನ್ನು ಕೊಳ್ಳುತ್ತಿದ್ದೇವೆ ಎಂದು ತಿಳಿದಿರಲಿ ಎಂಬುದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಆಲಮಟ್ಟಿ ಜಲಾಶಯದ ಹಿನ್ನೀರಿನಲ್ಲಿ ಹಳೆಯ ಊರು ಮುಳುಗಿದ ಮೇಲೆ ಕಟ್ಟಿದ ಪುನರ್ವಸತಿ ಕೇಂದ್ರದ ಶಾಲೆ. ಮಕ್ಕಳ ಮನೆಗಳಲ್ಲಿ ಬಲೆ ಹಾಕುವವರಿದ್ದಾರೆ, ಹಿನ್ನೀರಿನ ದಂಡೆಗೆ ಎಮ್ಮೆ ಹೊಡೆದುಕೊಂಡು ಹೋಗುವವರಿದ್ದಾರೆ. ಆದರೂ ಮೀನಿನ ಹೆಸರು ಹೇಳಿರೆಂದರೆ ಮಕ್ಕಳ ಬಾಯಿಂದ ಬರುವುದು ಸಂತೆಯಲ್ಲಿ ತೂಕಕ್ಕೆ ಮಾರುವ ಕಾಟ್ಲಾ, ರೋಹು, ತಿಲಾಪಿಯಾ. ಮೊದಲೆರಡು ಜಲಾಶಯಕ್ಕೆ ಮರಿ ಬಿಟ್ಟು ಬೆಳೆಸುವ ಮೀನುಗಳು. ತಿಲಾಪಿಯಾ 1952ರಲ್ಲಿ ಹೊರಗಿನಿಂದ ಭಾರತಕ್ಕೆ ತಂದ ಆಫ್ರಿಕಾ ಮೂಲದ ಮೀನು. ದಂಡೆಯ ಮೊಣಕಾಲುದ್ದದ ನೀರಿನಲ್ಲಿ ಹಿಂಡುಹಿಂಡಾಗಿ ಓಡಾಡುವ, ಎರಡು ಮೂರು ಇಂಚಿಗಿಂತ ಹೆಚ್ಚು ಬೆಳೆಯದ, ಬಲೆಗೆ ಬಿದ್ದರೂ ಸಾಮಾನ್ಯವಾಗಿ ಒಣಗಿಸುವ ರಾಶಿಗೆ ಹೋಗುವ ಮೀನುಗಳನ್ನು ಹತ್ತಿರದಿಂದ ನೋಡಿದವರು ಕಡಿಮೆ. ಆ ಮೀನುಗಳನ್ನೇ ತರಗತಿಗೆ ತರುವ ಈ ಸೇವೆ ಶಾಲೆಯ ಮೇಲುಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯ ಸಭೆಯಲ್ಲಿ ನಮಗೆ ಒಪ್ಪಿಗೆಯಾಗಲು ಅದೇ ಮುಖ್ಯ ಕಾರಣ. ಹಣವನ್ನು ಊರಿನ ದಾನಿಗಳು ಕೊಟ್ಟರು. ತೊಟ್ಟಿ, ಸ್ಟ್ಯಾಂಡ್, ದೀಪ, ಪಂಪ್, ಫಿಲ್ಟರ್, ನೀರು ಪರೀಕ್ಷೆಯ ಕಿಟ್, ಮರಳು, ಗಿಡ, ಮೀನು ಎಲ್ಲ ಸೇರಿ 13,500 ರೂಪಾಯಿ ಆಯಿತು. ತಿಂಗಳಿಗೊಮ್ಮೆ ಬಂದು ನೋಡಿಕೊಳ್ಳಲು 300 ರೂಪಾಯಿ ಬೇರೆ.

ತೊಟ್ಟಿಯ ಉದ್ದ 3 ಅಡಿ, ಅಗಲ 1 ಅಡಿ, ಎತ್ತರ ಒಂದೂವರೆ ಅಡಿ. ಅಂಚಿನಿಂದ ಮೂರು ಇಂಚು ಬಿಟ್ಟು ತುಂಬಿದರೆ ಸುಮಾರು 106 ಲೀಟರ್ ನೀರು ಹಿಡಿಯುತ್ತದೆ. ನೀರು, ಗಾಜು, ಮರಳು ಕೂಡಿದರೆ ಒಂದೂವರೆ ಕ್ವಿಂಟಲ್‌ನ ಆಸುಪಾಸು ಭಾರವಾಗುವುದರಿಂದ ಶಾಲೆಯ ಮೇಜಿನ ಮೇಲೆ ಇಡುತ್ತೇವೆ ಎಂದರೆ ಅಂಗಡಿಯವರು ಒಪ್ಪುವುದಿಲ್ಲ. ಕಬ್ಬಿಣದ ಸ್ಟ್ಯಾಂಡನ್ನು ಅವರೇ ಬೆಸುಗೆ ಹಾಕಿಸಿ ತರುತ್ತಾರೆ. ಸ್ಟ್ಯಾಂಡಿನ ಮೇಲೆ ಪ್ಲೈವುಡ್, ಅದರ ಮೇಲೆ ಥರ್ಮೋಕೋಲ್ ಹಾಳೆ, ಅದರ ಮೇಲೆ ತೊಟ್ಟಿ. ಥರ್ಮೋಕೋಲ್ ಇಲ್ಲದಿದ್ದರೆ ಹಲಗೆಯ ಸಣ್ಣ ಉಬ್ಬು ಕೂಡ ತಳದ ಗಾಜಿಗೆ ಒಂದೇ ಕಡೆ ಒತ್ತು ಕೊಟ್ಟು ಬಿರುಕು ಬಿಡಿಸಬಲ್ಲದು. ಎತ್ತರವನ್ನು ಐದನೆಯ ತರಗತಿಯ ಮಗುವಿನ ಕಣ್ಣಿಗೆ ಸರಿಹೊಂದಿಸಿದ್ದಾರೆ. ಸಿಲಿಕೋನ್ ಅಂಟಿನ ಕೆಲಸ ಒಪ್ಪವಾಗಿದೆ, ಅಂಚುಗಳನ್ನು ಉಜ್ಜಿ ಮೊಂಡು ಮಾಡಿದ್ದಾರೆ, ಮಕ್ಕಳ ಕೈಗೆ ಗಾಯವಾಗುವ ಭಯವಿಲ್ಲ.

ಫಿಲ್ಟರಿನ ವಿಷಯದಲ್ಲಿ ಅಂಗಡಿಯವರ ಆಯ್ಕೆ ನನಗೆ ತುಂಬ ಮೆಚ್ಚುಗೆಯಾಯಿತು. ದುಬಾರಿ ಪವರ್ ಫಿಲ್ಟರ್ ಕೊಡುವ ಬದಲು, ಗಾಳಿ ಪಂಪಿನಿಂದ ನಡೆಯುವ ಎರಡು ಸ್ಪಾಂಜ್ ಫಿಲ್ಟರ್‌ಗಳನ್ನು ಎರಡು ಮೂಲೆಗಳಲ್ಲಿ ಇಟ್ಟಿದ್ದಾರೆ. ಒಂದನ್ನು ತೊಳೆಯುವಾಗ ಇನ್ನೊಂದು ಕೆಲಸ ಮಾಡುತ್ತಿರುತ್ತದೆ. ಸಣ್ಣ ಮರಿ ಹುಟ್ಟಿದರೂ ಫಿಲ್ಟರ್ ಅದನ್ನು ಎಳೆದುಕೊಳ್ಳುವುದಿಲ್ಲ. ಪಂಪು 5 ವ್ಯಾಟಿನದು, ಹಗಲು ರಾತ್ರಿ ಓಡಿದರೂ ತಿಂಗಳಿಗೆ 3.6 ಯೂನಿಟ್ ವಿದ್ಯುತ್ ಸಾಕು. ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ, ಗೋಡೆಗೆ ಹೊಡೆದ ಮೊಳೆಗೆ ತೂಗುಹಾಕಿದ್ದಾರೆ. ಕೆಳಗಿಟ್ಟರೆ ಕರೆಂಟ್ ಹೋದಾಗ ನೀರು ಕೊಳವೆಯಲ್ಲಿ ಹಿಂದಕ್ಕೆ ಹರಿದು ಪಂಪಿಗೆ ನುಗ್ಗುತ್ತದೆ, ಅಲ್ಲಿಂದ ಸ್ವಿಚ್ ಬೋರ್ಡಿಗೂ ಹೋಗಬಹುದು. ಮಕ್ಕಳು ಓಡಾಡುವ ಕೋಣೆಯಲ್ಲಿ ಇಂಥ ಎಚ್ಚರವನ್ನು ಹೇಳಿಸಿಕೊಳ್ಳದೆ ವಹಿಸುವವರು ಸಿಗುವುದು ಅಪರೂಪ.

ಇನ್ನು ಈ ಸೇವೆಯ ಜೀವಾಳಕ್ಕೆ ಬರುತ್ತೇನೆ. ತೊಟ್ಟಿ ಕೂರಿಸಿ, ಮರಳು ಹಾಸಿ, ನೀರು ತುಂಬಿ, ಗಿಡ ನೆಟ್ಟ ಮೇಲೆ ಅಂಗಡಿಯವರು ಮೀನು ಕೊಡದೆ ಹೊರಟು ನಿಂತರು. ಮಕ್ಕಳು ಕಾದು ಕುಳಿತಿದ್ದಾರೆ, ನಾಲ್ಕಾದರೂ ಬಿಡಿ ಎಂದು ನಮ್ಮ ಮುಖ್ಯಗುರುಗಳು ಕೇಳಿದರು. ಅಂಗಡಿಯವರು ಕೈಮುಗಿದು, "ಇವತ್ತ ಮೀನ ಬಿಡಂಗಿಲ್ರಿ ಸರ, ನೀರ ಮದ್ಲ ಹದಾ ಆಗ್ಲಿ. ನಾಕೈದ ವಾರ ತಡ್ಕೋರಿ" ಎಂದರು. ಈ ಮಾತನ್ನು ಕೇಳಿ ಬೇಸರವಾಗುವುದು ಸಹಜ, ಆದರೆ ಮೀನು ಸಾಕುವ ವಿದ್ಯೆಯ ಮುಕ್ಕಾಲು ಪಾಲು ಈ ಕಾಯುವಿಕೆಯಲ್ಲಿಯೇ ಇದೆ.

ಮೀನು ಕಿವಿರಿನ ಮೂಲಕ ಹಗಲು ರಾತ್ರಿ ಅಮೋನಿಯಾವನ್ನು ಹೊರಹಾಕುತ್ತದೆ. ಉಳಿದ ಆಹಾರ ಮತ್ತು ಹಿಕ್ಕೆ ಕೊಳೆತಾಗಲೂ ಅದೇ ಹುಟ್ಟುತ್ತದೆ. ಹೊಳೆಯಲ್ಲಿ ಅದು ಹರಿದು ಹೋಗುತ್ತದೆ, ಗಾಜಿನ ತೊಟ್ಟಿಯಲ್ಲಿ ಅಲ್ಲಿಯೇ ಉಳಿದು ಮೀನಿಗೆ ವಿಷವಾಗುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆಯದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೈಟ್ ಕೂಡ ವಿಷವೇ. ನೈಟ್ರೇಟ್ ಮಾತ್ರ ಅಷ್ಟಾಗಿ ಕೆಡುಕು ಮಾಡದು, ಗಿಡಗಳು ಅದನ್ನು ಹೀರಿಕೊಳ್ಳುತ್ತವೆ, ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಿಸಿದರೆ ಉಳಿದದ್ದೂ ಹೋಗುತ್ತದೆ. ಈ ಬ್ಯಾಕ್ಟೀರಿಯಾಗಳು ಸ್ಪಾಂಜಿನಲ್ಲಿ, ಮರಳಿನಲ್ಲಿ ಮನೆಮಾಡಿ ಸಾಕಷ್ಟು ಸಂಖ್ಯೆಗೆ ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಹೊಸ ತೊಟ್ಟಿಗೆ ಅದೇ ದಿನ ಮೀನು ಬಿಟ್ಟು ಮೊದಲ ವಾರದಲ್ಲಿಯೇ ಎಲ್ಲವನ್ನೂ ಕಳೆದುಕೊಂಡ ಶಾಲೆಗಳು ಸಾಕಷ್ಟಿವೆ. ಅಂಥ ಸಾವಿಗೆ ಹೆಚ್ಚಾಗಿ ರೋಗ ಕಾರಣವಲ್ಲ, ಈ ಬ್ಯಾಕ್ಟೀರಿಯಾ ಇಲ್ಲದಿರುವುದೇ ಕಾರಣ. ಅಂಗಡಿಯವರು ತಮ್ಮಲ್ಲಿ ಬಹಳ ದಿನಗಳಿಂದ ಓಡುತ್ತಿದ್ದ ಒಂದು ಸ್ಪಾಂಜನ್ನು ತಂದು, ಹಾಲಿಗೆ ಹೆಪ್ಪು ಹಾಕಿದ ಹಾಗೆ, ನಮ್ಮ ತೊಟ್ಟಿಯಲ್ಲಿ ಹಿಂಡಿ ಹೋದರು. ಅದರಿಂದ ಕಾಯುವ ಅವಧಿ ಕಡಿಮೆಯಾಗುತ್ತದೆ.

ಕಾಯುವ ವಾರಗಳು ವ್ಯರ್ಥವಾಗಲಿಲ್ಲ ಎಂಬುದನ್ನು ಒತ್ತಿ ಹೇಳಬೇಕು. ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್, ನೈಟ್ರೇಟ್ ಮತ್ತು ಪಿಎಚ್ (ನೀರು ಎಷ್ಟು ಆಮ್ಲೀಯ, ಎಷ್ಟು ಕ್ಷಾರೀಯ ಎಂಬ ಅಳತೆ) ನೋಡುವ ಹನಿ ಔಷಧಗಳಿವೆ; ಗಾಜಿನ ನಳಿಕೆಯಲ್ಲಿ ತೊಟ್ಟಿಯ ನೀರು ತೆಗೆದುಕೊಂಡು ಹನಿ ಹಾಕಿ, ಬರುವ ಬಣ್ಣವನ್ನು ಪಟ್ಟಿಯ ಬಣ್ಣದೊಂದಿಗೆ ಹೋಲಿಸಬೇಕು. ಚಿಟಿಕೆ ಮೀನಿನ ಆಹಾರವನ್ನು ಖಾಲಿ ತೊಟ್ಟಿಗೆ ಹಾಕಿ ಕೊಳೆಯಲು ಬಿಟ್ಟು, ಏಳನೆಯ ತರಗತಿಯ ಮಕ್ಕಳು ಪ್ರತಿ ಸೋಮವಾರ ಮತ್ತು ಗುರುವಾರ ಈ ಪರೀಕ್ಷೆ ಮಾಡಿ ಗ್ರಾಫ್ ಹಾಳೆಯಲ್ಲಿ ಗುರುತು ಹಾಕಿದರು. ಅಮೋನಿಯಾದ ಗೆರೆ ಏರಿ ಇಳಿಯುತ್ತಿರುವಾಗ ನೈಟ್ರೈಟಿನ ಗೆರೆ ಏರಿತು, ಅದು ಇಳಿಯುವಾಗ ನೈಟ್ರೇಟಿನದು ಏರಿತು. ಪಠ್ಯದಲ್ಲಿ ಸಾರಜನಕ ಚಕ್ರದ ಬಾಣಗಳನ್ನು ಬಾಯಿಪಾಠ ಮಾಡಿಸುವುದಕ್ಕೂ, ತಾವೇ ಹಾಕಿದ ಚುಕ್ಕಿಗಳು ಗೆರೆಯಾಗಿ ಏರಿಳಿಯುವುದನ್ನು ಮಕ್ಕಳು ನೋಡುವುದಕ್ಕೂ ಬಹಳ ಅಂತರವಿದೆ. ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆಗೆ ಬಂದಾಗ ಅಂಗಡಿಗೆ ಫೋನ್ ಮಾಡಿದವರು ಮಕ್ಕಳೇ.

ನಮ್ಮ ಜಿಲ್ಲೆಯ ನೀರಿಗೆ ಸಂಬಂಧಿಸಿದ ಒಂದು ವಿಷಯವನ್ನು ಇಲ್ಲಿಯೇ ಹೇಳುತ್ತೇನೆ. ಶಾಲೆಯಲ್ಲಿ ಬೋರ್‌ವೆಲ್ ನೀರೂ ಇದೆ, ನಲ್ಲಿಯ ನೀರೂ ಇದೆ. ಬೋರಿನ ನೀರು ಬಲು ಗಡಸು, ಪಾತ್ರೆಯ ತಳದಲ್ಲಿ ಬಿಳಿ ಪದರು ಕಟ್ಟುತ್ತದೆ, ಪಿಎಚ್ ಕೂಡ ಹೆಚ್ಚು. ಪಿಎಚ್ 7ರಿಂದ 8ಕ್ಕೆ ಏರಿದರೆ ನೀರಿನಲ್ಲಿರುವ ಅಮೋನಿಯಾದಲ್ಲಿ ವಿಷಕಾರಿ ರೂಪದ ಪಾಲು ಹತ್ತು ಪಟ್ಟಿನ ಹತ್ತಿರಕ್ಕೆ ಹೋಗುತ್ತದೆ, ಹೀಗಾಗಿ ಗಡಸು ನೀರಿನ ತೊಟ್ಟಿಯಲ್ಲಿ ಸ್ವಲ್ಪ ಹೆಚ್ಚು ಆಹಾರ ಬಿದ್ದರೂ ಅಪಾಯ. ಅಂಗಡಿಯವರು ನಲ್ಲಿಯ ನೀರನ್ನೇ ಬಕೆಟ್‌ಗಳಲ್ಲಿ ಒಂದು ದಿನ ಬಾಯಿ ತೆರೆದಿಟ್ಟು, ಕ್ಲೋರಿನ್ ಹಾರಿಹೋದ ಮೇಲೆ ಬಳಸಲು ಹೇಳಿದರು. ಮರಳಿನ ವಿಷಯದಲ್ಲಿಯೂ ಅವರ ಎಚ್ಚರ ನೋಡುವಂತಿತ್ತು. ಲೋಕಾಪುರ, ಮುದ್ದಾಪುರದ ಕಡೆ ಸುಣ್ಣಕಲ್ಲು ಹೇರಳ, ಸಿಮೆಂಟ್ ಕಾರ್ಖಾನೆಗಳು ನಡೆಯುವುದೇ ಅದರ ಮೇಲೆ. ಆ ಕಲ್ಲಿನ ಚೂರು ತೊಟ್ಟಿಗೆ ಬಿದ್ದರೆ ನೀರು ದಿನದಿನಕ್ಕೆ ಗಡಸಾಗುತ್ತದೆ. ತಂದ ಮರಳಿನ ಮೇಲೆ ಅವರು ಮಕ್ಕಳ ಎದುರೇ ಲಿಂಬೆಹಣ್ಣು ಹಿಂಡಿ ತೋರಿಸಿದರು: ನೊರೆ ಬರಲಿಲ್ಲ. ಪಕ್ಕದಲ್ಲಿ ಒಂದು ಸುಣ್ಣಕಲ್ಲಿನ ಚೂರಿಟ್ಟು ಅದರ ಮೇಲೂ ಹಿಂಡಿದರು, ಅದು ಸಣ್ಣಗೆ ಗುಳ್ಳೆ ಬಿಟ್ಟಿತು. ಆ ವಾರ ಮಕ್ಕಳು ಊರಿನ ಕಲ್ಲುಗಳನ್ನೆಲ್ಲ ಲಿಂಬೆಹಣ್ಣಿನಿಂದ ಪರೀಕ್ಷಿಸಿ ಬಂದರು. ಇಳಕಲ್ಲಿನ ಕೆಂಪು ಗ್ರಾನೈಟ್ ಚೂರು ನೊರೆ ಬಿಡುವುದಿಲ್ಲವೆಂದು ಖಚಿತವಾದ ಮೇಲೆ, ಮೀನು ಮರೆಯಾಗಿ ನಿಲ್ಲಲು ಅವನ್ನೇ ಗುಡ್ಡೆ ಮಾಡಿ ಇಟ್ಟಿದ್ದೇವೆ.

ಮೀನುಗಳು ಮೂರು ಕಂತಿನಲ್ಲಿ ಬಂದವು. ಮೊದಲು ಬಂದವು ಟಿಕ್ಟೊ ಬಾರ್ಬ್. ಇವನ್ನು ಅಂಗಡಿಯವರು ತಮ್ಮ ಹಿತ್ತಲಿನ ಸಿಮೆಂಟ್ ತೊಟ್ಟಿಗಳಲ್ಲಿ ತಾವೇ ಮರಿ ಮಾಡಿಸುತ್ತಾರೆ. ಬೆಳ್ಳಿಯ ಮೈ, ಕಿವಿರಿನ ಹಿಂದೆ ಒಂದು ಸಣ್ಣ ಕಪ್ಪು ಚುಕ್ಕೆ, ಬಾಲದ ಬುಡದ ಹತ್ತಿರ ಅದಕ್ಕಿಂತ ದೊಡ್ಡ ಇನ್ನೊಂದು ಚುಕ್ಕೆ. ಎರಡು ಇಂಚಿನ ಈ ಮೀನನ್ನು ಒಂದನೆಯ ತರಗತಿಯ ಮಗುವೂ ಗುರುತಿಸುತ್ತದೆ. ನಂತರ ಬಂದವು ಮೈಯುದ್ದಕ್ಕೂ ಕಪ್ಪು ಪಟ್ಟೆಯಿರುವ ರಾಸ್ಬೋರಾ ಮೀನುಗಳು, ಕೊನೆಗೆ ತಳದಲ್ಲಿರುವ ಲೋಚ್. ಇವೆರಡನ್ನು ಮೀನುಗಾರರಿಂದ ಪಡೆಯುತ್ತಾರೆ, ಆದರೆ ಮಳೆಗಾಲದಲ್ಲಿ ಪಡೆಯುವುದಿಲ್ಲ, ಏಕೆಂದರೆ ಈ ಸೀಮೆಯ ಹೆಚ್ಚಿನ ಮೀನುಗಳು ಮೊಟ್ಟೆಯಿಡುವುದು ಮುಂಗಾರಿನಲ್ಲಿಯೇ. ಬೇಸಿಗೆಗೆ ಹಿನ್ನೀರು ಹಿಂದೆ ಸರಿದಾಗ ತಗ್ಗುಗಳಲ್ಲಿ ಉಳಿದು, ಹೇಗೂ ಒಣಗಿ ಹೋಗಲಿರುವ ಕುಂಟೆಗಳಿಂದ ತಂದವನ್ನು ಸಾಕಿಟ್ಟುಕೊಂಡು ಶಾಲೆಗಳಿಗೆ ಕೊಡುತ್ತಾರೆ. ಹೊಳೆಯ ಮೀನಿನ ಮೈಗೆ ಕಚ್ಚಿಕೊಂಡು ಬರುವ ಮೀನುಹೇನು, ಲಂಗರುಹುಳು ಇತ್ಯಾದಿಗಳು ನಮ್ಮ ತೊಟ್ಟಿಗೆ ಬಾರದಿರಲೆಂದು ಎರಡು ವಾರಕ್ಕೂ ಹೆಚ್ಚು ಬೇರೆ ತೊಟ್ಟಿಯಲ್ಲಿಟ್ಟು ನೋಡಿದ ಮೇಲೆಯೇ ತಂದರು.

ಲೋಚ್ ಮೀನಿನ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು, ಏಕೆಂದರೆ ತೊಟ್ಟಿಯ ಮುಂದೆ ಮಕ್ಕಳನ್ನು ಅತಿ ಹೆಚ್ಚು ಹೊತ್ತು ನಿಲ್ಲಿಸುವುದು ಅದೇ. ಬೆರಳಿನಷ್ಟು ಉದ್ದ, ಮರಳಿನದೇ ಬಣ್ಣ, ಬಾಯಿಯ ಸುತ್ತ ಸಣ್ಣ ಮೀಸೆಗಳು. ಹೆದರಿದರೆ ಮೈ ಕೊಡವಿ ಮರಳಿನೊಳಗೆ ಇಳಿದುಬಿಡುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಎರಡು ಕಣ್ಣು ಮಾತ್ರ ಮರಳಿನ ಮೇಲೆ ಮೂಡುತ್ತವೆ. ಮರಳನ್ನು ಬಾಯಿ ತುಂಬ ತೆಗೆದುಕೊಂಡು, ಅದರಲ್ಲಿ ತಿನ್ನುವಂಥದ್ದನ್ನು ಉಳಿಸಿಕೊಂಡು, ಉಳಿದ ಮರಳನ್ನು ಕಿವಿರಿನ ಸಂದಿಯಿಂದ ಉದುರಿಸುವುದನ್ನು ಗಾಜಿಗೆ ಮೂಗು ತಾಗಿಸಿ ನೋಡಿದರೆ ಕಾಣಬಹುದು. ಅಂಗಡಿಯವರು ಚೂಪಾದ ಬಣ್ಣದ ಹರಳಿನ ಬದಲು ನಯವಾದ ಮರಳನ್ನೇ ಹಾಸಿದ್ದರ ಕಾರಣ ಅದನ್ನು ನೋಡಿದಾಗ ತಾನಾಗಿ ತಿಳಿಯುತ್ತದೆ. ಹರಳಿನಲ್ಲಿ ಈ ಮೀನಿನ ಮೀಸೆ, ಹೊಟ್ಟೆ ಗೀರಿ ಹುಣ್ಣಾಗುತ್ತವೆ.

ಯಾವ ಮೀನನ್ನು ಕೊಡುವುದಿಲ್ಲ ಎಂಬುದರಲ್ಲಿಯೂ ಈ ಅಂಗಡಿಯ ಗುಣ ಗೊತ್ತಾಗುತ್ತದೆ. ದೇಶಿ ಮೀನೆಂದು ಹೆಸರಾದ, ಕೆಂಪು ಪಟ್ಟೆಯ ಡೆನಿಸನ್ ಬಾರ್ಬ್ ಬೇಕೆಂದು ನಾವು ಕೇಳಿದೆವು. ಅದು ಕೇರಳ ಮತ್ತು ದಕ್ಷಿಣ ಕರ್ನಾಟಕದ ಪಶ್ಚಿಮ ಘಟ್ಟದ ಕೆಲವೇ ಹೊಳೆಗಳಲ್ಲಿರುವ, ಅಳಿವಿನಂಚಿನ ಪಟ್ಟಿಯಲ್ಲಿರುವ ಮೀನು, ತಂಪಾದ ಹರಿಯುವ ನೀರು ಬೇಕಾದದ್ದು, ಬಾಗಲಕೋಟೆಯ ಸೆಕೆಗೆ ಅದನ್ನು ತರಬಾರದು ಎಂದು ಹೇಳಿ ಮಾರಾಟವನ್ನೇ ಬಿಟ್ಟುಕೊಟ್ಟರು. ಕೊರವ ಮೀನಿನ ಮರಿ ಬೇಕೆಂದು ಮಕ್ಕಳು ಹಟ ಹಿಡಿದಾಗಲೂ ಒಪ್ಪಲಿಲ್ಲ. ನೀರಿನ ಮೇಲೆ ಬಂದು ಗಾಳಿ ನುಂಗುವ ಆ ಮೀನು ನೋಡಲು ಸೊಗಸು, ಆದರೆ ಜೊತೆಗಿರುವ ಸಣ್ಣ ಮೀನುಗಳೆಲ್ಲ ಅದಕ್ಕೆ ಆಹಾರ. ಪಾಚಿಗೆಂದು ಸಕ್ಕರ್ ಮೀನನ್ನೂ ಹಾಕುವುದಿಲ್ಲ. ದಕ್ಷಿಣ ಅಮೆರಿಕದ ಆ ಮೀನು ಅಡಿಗಿಂತ ಉದ್ದ ಬೆಳೆಯುತ್ತದೆ. ಸಾಕಲಾಗದೆ ಜನ ಕೆರೆಗೆ ಬಿಟ್ಟ ಕಡೆಗಳಲ್ಲಿ ಅದು ನೆಲೆಯೂರಿ ಸ್ಥಳೀಯ ಮೀನುಗಳಿಗೆ ಕುತ್ತಾಗಿದೆ. ತೊಟ್ಟಿಯ ಮೀನನ್ನು, ಅದು ನಮ್ಮ ಹೊಳೆಯದೇ ಆಗಿದ್ದರೂ, ಹಿನ್ನೀರಿಗೆ ಮರಳಿ ಬಿಡಬಾರದು, ತೊಟ್ಟಿಯಲ್ಲಿ ತಗುಲಿದ ರೋಗ ಹೊಳೆಗೆ ಹೋಗುತ್ತದೆ ಎಂದು ಬರೆದ ಫಲಕವನ್ನು ಅವರೇ ತೊಟ್ಟಿಯ ಮೇಲೆ ಅಂಟಿಸಿ ಹೋಗಿದ್ದಾರೆ. ಹೆಚ್ಚಾದ ಮರಿಗಳನ್ನು ಅಂಗಡಿಗೇ ಹಿಂದೆ ಕೊಡಬಹುದು.

ಇಷ್ಟು ಎಚ್ಚರದ ಅಂಗಡಿಯಿಂದಲೂ ಒಂದು ದೊಡ್ಡ ತಪ್ಪಾಯಿತು. ಗಾಜು ಮೀನು ಎಂದು ಕರೆಯುವ, ಮೈಯೊಳಗಿನ ಎಲುಬೆಲ್ಲ ಕಾಣುವ ಮೀನುಗಳನ್ನು ನಾವು ಕೇಳಿ ತರಿಸಿದ್ದೆವು. ಪೇಟೆಯಲ್ಲಿ ಈ ಮೀನಿನ ಮೈಗೆ ಸೂಜಿಯಿಂದ ಬಣ್ಣ ಚುಚ್ಚಿ ಮಾರುವ ಕ್ರೂರ ಪದ್ಧತಿಯಿದೆ. ನಮ್ಮ ಅಂಗಡಿಯವರು ಬಣ್ಣ ಚುಚ್ಚಿದ್ದನ್ನು ಮಾರುವುದಿಲ್ಲ, ಹಿನ್ನೀರಿನದನ್ನೇ ತಂದರು. ಆದರೆ ಈ ಸೀಮೆಯ ನೀರಿನಲ್ಲಿ ಗಾಜು ಮೀನುಗಳಲ್ಲಿ ಎರಡು ಬಗೆ ಕೂಡಿಯೇ ಬಲೆಗೆ ಬೀಳುತ್ತವೆ. ಒಂದು ಪ್ಯಾರಾಂಬಾಸಿಸ್ ರಂಗಾ, ದುಂಡನೆಯ ಮೈಯ ಸಾಧು ಮೀನು. ಇನ್ನೊಂದು ಚಂದಾ ನಾಮಾ, ಸ್ವಲ್ಪ ನೀಳ ಮೈ, ಮುಂದಕ್ಕೆ ಚಾಚಿದ ಕೆಳದವಡೆ. ಇದು ಬೇರೆ ಮೀನುಗಳ ಹುರುಪೆಯನ್ನು ಕಿತ್ತು ತಿನ್ನುತ್ತದೆ. ತಂದವುಗಳಲ್ಲಿ ಎರಡೂ ಬೆರೆತಿದ್ದವು. ಕೆಲವೇ ದಿನಗಳಲ್ಲಿ ಟಿಕ್ಟೊಗಳ ಪಕ್ಕೆಯಲ್ಲಿ ಅಲ್ಲಲ್ಲಿ ಹೊಳಪು ಹೋಗಿ ಮಾಸಲು ಕಲೆಗಳು ಕಂಡವು, ಅವು ಮೂಲೆ ಹಿಡಿದು ನಿಲ್ಲತೊಡಗಿದವು. ಮೊದಲಿಗೆ ಎಲ್ಲರೂ ರೋಗವೆಂದೇ ತಿಳಿದರು. ಊಟದ ಬಿಡುವಿನಲ್ಲಿ ತೊಟ್ಟಿಯ ಮುಂದೆಯೇ ಕುಳಿತಿರುತ್ತಿದ್ದ ಆರನೆಯ ತರಗತಿಯ ಹುಡುಗಿಯೊಬ್ಬಳು ಬಂದು, "ರೋಗ ಅಲ್ರಿ ಸರ, ಆ ಉದ್ದನ ಗಾಜಿನ ಮೀನ ಹಿಂದಿಂದ ಬಂದ ಕಚ್ಚತೈತ್ರಿ" ಎಂದು ಹೇಳಿದಳು. ಅವಳು ಹೇಳಿದ್ದು ನಿಜವಾಗಿತ್ತು. ಅಂಗಡಿಯವರು ಮರುದಿನವೇ ಬಂದು ಆ ಮೀನುಗಳನ್ನು ಬಲೆಯಲ್ಲಿ ಹಿಡಿದು ಒಯ್ದರು, ಗಾಯಗೊಂಡವಕ್ಕೆ ಬೇರೆ ತೊಟ್ಟಿಯಲ್ಲಿ ಉಪ್ಪುನೀರಿನ ಉಪಚಾರ ಮಾಡಿದರು, ದುಡ್ಡು ಕೇಳಲಿಲ್ಲ. ಆದರೂ ಎರಡು ಟಿಕ್ಟೊಗಳು ಉಳಿಯಲಿಲ್ಲ. ಮೀನುಗಾರರಿಂದ ಬಂದ ಗಾಜು ಮೀನುಗಳನ್ನು ಒಂದೊಂದಾಗಿ ನೋಡಿ ಆರಿಸುವ ಕೆಲಸವನ್ನು ಅಂಗಡಿಯಲ್ಲಿ ಮಾಡಬೇಕಿತ್ತು. ಕೊಳ್ಳುವವರು ಗಾಜು ಮೀನು ತರಿಸುವುದಾದರೆ ಕೆಳದವಡೆಯನ್ನು ತಾವೇ ನೋಡಿ ತೆಗೆದುಕೊಳ್ಳುವುದು ಒಳ್ಳೆಯದು.

ಟಿಕ್ಟೊಗಳು ತರಗತಿಯಲ್ಲಿಯೇ ಮೊಟ್ಟೆಯಿಟ್ಟದ್ದು ಈ ಇಡೀ ಪ್ರಯತ್ನದ ದೊಡ್ಡ ಫಲ. ಗಂಡುಗಳ ಮೈಗೆ ಕೆಂಪು ಏರಿ, ಬೆನ್ನಿನ ರೆಕ್ಕೆಯ ಕಪ್ಪು ಚುಕ್ಕೆಗಳು ಗಾಢವಾದಾಗ ಅಂಗಡಿಯವರಿಗೆ ತಿಳಿಸಿದೆವು. ಅವರು ಹದಿನೈದು ಲೀಟರಿನ ಪ್ಲಾಸ್ಟಿಕ್ ಟಬ್ಬಿನಲ್ಲಿ ಹೈಡ್ರಿಲ್ಲಾ ಗಿಡವನ್ನು ದಟ್ಟವಾಗಿ ತುಂಬಿ, ಒಂದು ಜೋಡಿಯನ್ನು ಸಂಜೆ ಅದರಲ್ಲಿ ಬಿಡಲು ಹೇಳಿದರು. ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ ಗಂಡು ಹೆಣ್ಣನ್ನು ಗಿಡದೊಳಗೆ ಅಟ್ಟುತ್ತಿತ್ತು, ಎಲೆಗಳಿಗೆ ಸಾಸಿವೆಗಿಂತ ಚಿಕ್ಕ ಮೊಟ್ಟೆಗಳು ಅಂಟಿದ್ದವು. ತಂದೆ ತಾಯಿ ಮೀನುಗಳೇ ಮೊಟ್ಟೆ ತಿನ್ನುವುದರಿಂದ ಕೂಡಲೇ ಅವನ್ನು ತೆಗೆದೆವು. ಮಕ್ಕಳು ಭೂತಗನ್ನಡಿ ಹಿಡಿದು ನೋಡಿದಾಗ ಪಾರದರ್ಶಕವಾದ ಮೊಟ್ಟೆಯೊಳಗೆ ಸುತ್ತಿಕೊಂಡ ಮೈ, ಆಮೇಲೆ ಕಣ್ಣಿನ ಎರಡು ಕಪ್ಪು ಚುಕ್ಕೆ, ಆಗಾಗ ಒಂದು ಮಿಡುಕು ಕಾಣಿಸಿತು. ಫಲಿತವಾಗದ ಮೊಟ್ಟೆಗಳು ಬಿಳಿಚಿಕೊಂಡು ಬೂಸರು ಹಿಡಿದವು, ಅವನ್ನು ಡ್ರಾಪರ್‌ನಿಂದ ತೆಗೆದರು. ಒಂದು ದಿನದ ಮೇಲೆ ಮರಿಗಳು ಹೊರಬಂದು, ಹೊಟ್ಟೆಯಡಿಯ ಹಳದಿ ಚೀಲ ಕರಗುವವರೆಗೆ ಟಬ್ಬಿನ ಗೋಡೆಗೆ ಅಂಟಿಕೊಂಡೇ ಇದ್ದವು. ಈಜತೊಡಗಿದ ಮೇಲೆ ಅವುಗಳ ಬಾಯಿಗೆ ಹಿಡಿಯುವುದು ಕಣ್ಣಿಗೆ ಕಾಣದ ಜೀವಿಗಳು ಮಾತ್ರ. ಹುಲ್ಲನ್ನು ನೀರಿನಲ್ಲಿ ನೆನೆಯಿಟ್ಟು ಅಂಥ ಜೀವಿಗಳನ್ನು ಬೆಳೆಸುವ ಬಗೆಯನ್ನು ಅಂಗಡಿಯವರು ಮೊದಲೇ ಹೇಳಿಕೊಟ್ಟಿದ್ದರು, ಶಾಲೆಯ ಸೂಕ್ಷ್ಮದರ್ಶಕಕ್ಕೆ ಬಹಳ ಕಾಲದ ಮೇಲೆ ಕೆಲಸ ಸಿಕ್ಕಿತು. ಬೇಯಿಸಿದ ಮೊಟ್ಟೆಯ ಹಳದಿಯನ್ನು ಬಟ್ಟೆಯಲ್ಲಿ ಹಿಂಡಿ ಕೊಡಬಹುದೆಂದು ಹಲವರು ಹೇಳುತ್ತಾರೆ, ಆದರೆ ಅದು ನೀರನ್ನು ಬಹಳ ಬೇಗ ಕೆಡಿಸುತ್ತದೆ, ತರಗತಿಗೆ ನಾನು ಅದನ್ನು ಶಿಫಾರಸು ಮಾಡುವುದಿಲ್ಲ.

ಆಹಾರದ ಬಗ್ಗೆ ಅಂಗಡಿಯವರ ನಿಯಮ ಸರಳ: ದಿನಕ್ಕೊಮ್ಮೆ, ಎರಡು ನಿಮಿಷದಲ್ಲಿ ಮುಗಿಯುವಷ್ಟು, ಭಾನುವಾರ ಉಪವಾಸ. ಡಬ್ಬಿಯ ಜೊತೆ ಒಂದು ಸಣ್ಣ ಚಮಚ ಕೊಟ್ಟಿದ್ದಾರೆ, ಅದಕ್ಕಿಂತ ಹೆಚ್ಚು ಹಾಕುವಂತಿಲ್ಲ. ಬಿಸಿಯೂಟದ ಅನ್ನ ತೊಟ್ಟಿಗೆ ಬೀಳದಂತೆ ನೋಡಿಕೊಳ್ಳುವುದು ಮಾತ್ರ ನಮ್ಮದೇ ಹೊಣೆ. ಅದಕ್ಕೆ ನಾಲ್ಕನೆಯ ತರಗತಿಯ ಕಾವಲು ಪಡೆ ಇದೆ.

ಕೊರತೆಗಳಲ್ಲಿ ಮೊದಲನೆಯದು ಮುಚ್ಚಳ. ದೀಪವಿರುವ ಪ್ಲಾಸ್ಟಿಕ್ ಮುಚ್ಚಳದ ಹಿಂಬದಿಯಲ್ಲಿ ಕೊಳವೆಗಳಿಗೆಂದು ಬಿಟ್ಟ ಸಂದಿ ತೀರ ಅಗಲ. ರಾಸ್ಬೋರಾ ಜಿಗಿಯುವ ಮೀನು. ಬೆಳಿಗ್ಗೆ ಬಾಗಿಲು ತೆರೆದಾಗ ತೊಟ್ಟಿಯ ಹಿಂದೆ ಒಂದು ಒಣಗಿ ಬಿದ್ದಿತ್ತು. ಆ ಸಂದಿಗೆ ಸೊಳ್ಳೆ ಪರದೆಯ ತುಂಡು ಅಂಟಿಸಿದ ಮೇಲೆ ತೊಂದರೆಯಾಗಿಲ್ಲ, ಆದರೆ ಅದನ್ನು ಅಂಗಡಿಯವರೇ ಮಾಡಿ ಕೊಡಬೇಕು. ಎರಡನೆಯದು ಪರೀಕ್ಷಾ ಕಿಟ್‌ನ ಕೈಪಿಡಿ ಇಂಗ್ಲಿಷಿನಲ್ಲಿ ಮಾತ್ರ ಇರುವುದು. ಹನಿಗಳ ಲೆಕ್ಕ, ಕಾಯುವ ನಿಮಿಷ, ಬಣ್ಣದ ಅರ್ಥ ಇವನ್ನು ಕನ್ನಡದಲ್ಲಿ ಬರೆದ ಒಂದು ಹಾಳೆ ಇದ್ದರೆ ಮಕ್ಕಳು ಶಿಕ್ಷಕರ ನೆರವಿಲ್ಲದೆ ಕೆಲಸ ಮಾಡಬಲ್ಲರು. ನಾವು ಬರೆದು ಗೋಡೆಗೆ ಹಚ್ಚಿದ ಹಾಳೆಯ ಪ್ರತಿಯನ್ನು ಅಂಗಡಿಗೂ ಕೊಟ್ಟಿದ್ದೇವೆ. ಜೊತೆಗೆ, ನಮಗೆ ಬಂದ ಕಿಟ್‌ನ ಅವಧಿ ಮುಗಿಯಲು ಹೆಚ್ಚು ತಿಂಗಳು ಉಳಿದಿರಲಿಲ್ಲ. ಕೊಳ್ಳುವಾಗ ಡಬ್ಬಿಯ ಮೇಲಿನ ದಿನಾಂಕವನ್ನು ಅವಶ್ಯ ನೋಡಬೇಕು.

ಬೇಸಿಗೆಯ ಸೆಕೆ ಇನ್ನೂ ಗಂಭೀರವಾದ ವಿಷಯ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆಯಾಗುತ್ತದೆ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿಯುವ ನೀರು 30 ಡಿಗ್ರಿಯಲ್ಲಿ ಏಳೂವರೆ ಮಿಲಿಗ್ರಾಂ ಮಾತ್ರ ಹಿಡಿಯುತ್ತದೆ. ಅದೇ ಹೊತ್ತಿಗೆ ಮೀನಿಗೆ ಬೇಕಾಗುವ ಆಮ್ಲಜನಕ ಹೆಚ್ಚುತ್ತದೆ. ಹೊರಗೆ 40 ಡಿಗ್ರಿ ದಾಟುವ ನಮ್ಮ ಏಪ್ರಿಲ್ ಮೇ ತಿಂಗಳುಗಳಲ್ಲಿ, ಕರೆಂಟ್ ಹೋಗಿ ಪಂಪು ನಿಂತರೆ ಮೀನುಗಳು ಮೇಲೆ ಬಂದು ಬಾಯಿ ಬಡಿಯತೊಡಗುತ್ತವೆ. ನಮ್ಮ ಹೊಳೆಯ ಮೀನುಗಳು ಗೋಲ್ಡ್ ಫಿಶ್‌ಗಿಂತ ಈ ಸೆಕೆಯನ್ನು ಚೆನ್ನಾಗಿ ತಾಳುತ್ತವೆ, ಚಳಿಗಾಲದಲ್ಲಿ ಹೀಟರ್ ಕೂಡ ಕೇಳುವುದಿಲ್ಲ, ಆದರೂ ತಾಳಿಕೆಗೆ ಮಿತಿಯಿದೆ. ಬ್ಯಾಟರಿ ಇರುವ ಪಂಪನ್ನು ಅಂಗಡಿಯವರು ಬೇಕಾದವರಿಗೆ ಮಾತ್ರ, ಪ್ರತ್ಯೇಕ ಬೆಲೆಗೆ ಕೊಡುತ್ತಾರೆ. ಈ ಸೀಮೆಯ ಯಾವ ಶಾಲೆಗೂ ಅದು ಮೊದಲ ದಿನದಿಂದಲೇ ಬೇಕು. ಅದನ್ನು ಮೂಲ ಬೆಲೆಯಲ್ಲಿಯೇ ಸೇರಿಸಿ, ಬೇಕಿದ್ದರೆ ಬಣ್ಣದ ದೀಪವನ್ನು ಬಿಡಲಿ.

ರಜೆಯ ಪ್ರಶ್ನೆಗೆ ಉತ್ತರವಿಲ್ಲದೆ ಯಾವ ಶಾಲೆಯೂ ಮೀನು ಸಾಕಬಾರದು. ದಸರಾ ರಜೆಯನ್ನು ನಾವು ಶಿಕ್ಷಕರು ಸರದಿಯ ಮೇಲೆ ಬಂದು ನಿಭಾಯಿಸಿದೆವು. ಏಪ್ರಿಲ್ ಎರಡನೆಯ ವಾರದಿಂದ ಮೇ ಕೊನೆಯವರೆಗಿನ ಬೇಸಿಗೆ ರಜೆಯಲ್ಲಿ ಅದು ಆಗದ ಮಾತು, ಮುಚ್ಚಿದ ಕೋಣೆಯ ಬಿಸಿಯೂ ಜೊತೆಗಿರುತ್ತದೆ. ಅಂಗಡಿಯವರು ರಜೆ ಶುರುವಾಗುವ ಮುನ್ನ ಬಂದು, ಮೀನುಗಳನ್ನೂ ಎರಡು ಸ್ಪಾಂಜ್‌ಗಳನ್ನೂ ತಮ್ಮ ಅಂಗಡಿಗೆ ಒಯ್ದು ಸಾಕಿ, ಜೂನ್‌ನಲ್ಲಿ ಮರಳಿ ತಂದು ಬಿಡುತ್ತಾರೆ. ಸ್ಪಾಂಜ್ ಅಲ್ಲಿಯೂ ನೀರಿನಲ್ಲಿ ಓಡುತ್ತಿರುವುದರಿಂದ ಬ್ಯಾಕ್ಟೀರಿಯಾ ಸಾಯುವುದಿಲ್ಲ, ಜೂನ್‌ನಲ್ಲಿ ಮತ್ತೆ ಮೊದಲಿನಿಂದ ಅಷ್ಟು ವಾರ ಕಾಯಬೇಕಾಗುವುದಿಲ್ಲ. ತಿಂಗಳ 300 ರೂಪಾಯಿಯಲ್ಲಿಯೇ ಇದು ಸೇರಿದೆ. ಒಯ್ಯುವಾಗ ಎಷ್ಟು ಮೀನು, ಯಾವ ಬಗೆಯವು ಎಂದು ಮಕ್ಕಳು ಎಣಿಸಿ ಬರೆದ ಪಟ್ಟಿಗೆ ಅಂಗಡಿಯವರು ಸಹಿ ಹಾಕಿಕೊಟ್ಟರು. ಮರಳಿ ತಂದಾಗ ಅದೇ ಪಟ್ಟಿ ಹಿಡಿದು ಮಕ್ಕಳು ಮತ್ತೆ ಎಣಿಸಿಕೊಂಡರು. ಸತ್ತವಕ್ಕೆ ಬದಲಿಯಾಗಿ ಹೊಸ ಮೀನು ಕೊಟ್ಟು, ಯಾವುವು ಸತ್ತವು ಎಂಬುದನ್ನೂ ಅದೇ ಹಾಳೆಯಲ್ಲಿ ಬರೆದಿದ್ದರು. ಈ ಸೇವೆಯನ್ನು ಪಡೆಯಬಯಸುವ ಶಾಲೆಗಳು ಜೂನ್ ಮೊದಲ ವಾರದಲ್ಲಿಯೇ ತೊಟ್ಟಿ ಕೂರಿಸಿಕೊಳ್ಳಲಿ. ಆಗ ಜುಲೈ ಹೊತ್ತಿಗೆ ನೀರು ಹದಕ್ಕೆ ಬರುತ್ತದೆ, ಟಿಕ್ಟೊಗಳು ಮೊಟ್ಟೆಯಿಡುವ ಮಳೆಗಾಲದ ತಿಂಗಳುಗಳು ಮಕ್ಕಳು ಶಾಲೆಯಲ್ಲಿರುವಾಗಲೇ ಸಿಗುತ್ತವೆ.